ಚೆನ್ನವ್ವನ ಕುಬಸ

ಕಾದಂಬರಿ ಓದುತ್ತ ಓದುತ್ತ ನಾನು ಎಲ್ಲರೆದುರು ಗಳಗಳನೆ ಅತ್ತುಬಿಟ್ಟೆ ಎಂಬುದು ಕೊಪ್ಪಳದ ನಮ್ಮ ಓಣಿಯಲ್ಲಿ ಈಗ ಸ್ಥಾಪಿತ ಸತ್ಯ. ಹಾಲು ಹಾಕುವವಳಿಗೂ ಗೊತ್ತು, ಹಿಟ್ಟಿನ ಗಿರಣಿಯವನಿಗೂ ಗೊತ್ತು. ಎಂಥಾ ವಾದ ಮಾಡೋ ಹುಡುಗಿಯನ್ನು ಒಂದು ಪುಸ್ತಕ ಹೇಗೆ ಕರಗಿಸಿತು ನೋಡಿ ಎಂದು ಅವರು ಹೇಳುವಾಗ ದನಿಯಲ್ಲಿ ಮೆಚ್ಚುಗೆ ಕಾಲು ಭಾಗ, ಸೇಡು ಮುಕ್ಕಾಲು ಭಾಗ ಇರುತ್ತದೆ. ನಾನು ಈ ಸುದ್ದಿಯನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ, ಗಳಗಳನೆ ಎಂಬುದು ಉತ್ಪ್ರೇಕ್ಷೆ. ಗಂಟಲು ಕಟ್ಟಿತು ಎಂದರೆ ಸಾಕಿತ್ತು. ಎರಡನೆಯದಾಗಿ, ಮತ್ತು ಇದೇ ಮುಖ್ಯ, ನಾನು ಆಗ ಓದುತ್ತಿರಲೇ ಇಲ್ಲ. ಪುಸ್ತಕ ಕೈಯಲ್ಲಿತ್ತು, ಕಣ್ಣು ಪುಟದ ಮೇಲಿತ್ತು, ಬಾಯಿಂದ ಮಾತೂ ಬರುತ್ತಿತ್ತು. ಆದರೆ ಪುಟದಲ್ಲಿದ್ದದ್ದೇ ಬೇರೆ, ಬಾಯಲ್ಲಿ ಬರುತ್ತಿದ್ದದ್ದೇ ಬೇರೆ. ಇದನ್ನು ಓಣಿಯವರೆದುರು ಹೇಳಿ ನನ್ನ ಮಾನ ಉಳಿಸಿಕೊಳ್ಳುವಂತಿಲ್ಲ. ನಿಮಗೆ ಹೇಳಬಹುದು. ನೀವು ಪಕ್ಕದ ಮನೆಯ ಶಾಹಿನ್‌ಳ ಕಿವಿಗೆ ಹಾಕುವುದಿಲ್ಲ ಎಂಬ ನಂಬಿಕೆಯ ಮೇಲೆ.

ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ಕೆಲವರು ಹಾಲು ಕುಡಿದು ಬೆಳೆಯುತ್ತಾರೆ, ನಾನು 'ಮಾನ್ಯ ನಿರ್ಣಾಯಕರೇ' ಎಂದು ಬೆಳೆದೆ. ಗಂಗಾವತಿ, ಕುಷ್ಟಗಿ ಎಂದು ಎಲ್ಲ ಕಡೆಯ ವೇದಿಕೆ ಹತ್ತಿದ್ದೇನೆ. ಪರ ಕೊಟ್ಟರೂ ಸರಿ, ವಿರೋಧ ಕೊಟ್ಟರೂ ಸರಿ. ಬೆಳಿಗ್ಗೆ ಒಂದು ಕಡೆ ಗೆದ್ದು, ಮಧ್ಯಾಹ್ನ ಅದನ್ನೇ ಇನ್ನೊಂದು ಕಡೆಯಿಂದ ಸೋಲಿಸಬಲ್ಲೆ. ಈಗ ಯಲಬುರ್ಗಾದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಇಂಥ ನನಗೆ ಕಣ್ಣೀರು ತರಿಸುತ್ತೇವೆಂದು ಹೊರಡುವ ಪುಸ್ತಕಗಳನ್ನು ಕಂಡರೆ ಮೊದಲಿನಿಂದಲೂ ಅನುಮಾನ. ಈ ಕಾದಂಬರಿಯ ಬೆನ್ನಿಗೆ 'ಕಣ್ಣು ಒದ್ದೆಯಾಗದೆ ಯಾರೂ ಇದನ್ನು ಮುಗಿಸಲಾರರು' ಎಂದು ಅಚ್ಚು ಹಾಕಿದ್ದರು. ಯಾರೂ ಎಂದರೆ ಯಾರು? ಕೇಳಿ ನೋಡಿದವರಾರು? ಊರಿನ ಓದುಗರ ಬಳಗದಲ್ಲಿ ಈ ಪುಸ್ತಕದ ಮೇಲೆ ಚರ್ಚೆ ಇತ್ತು; ವಿರೋಧವಾಗಿ ಮಾತಾಡುವವರು ಯಾರಾದರೂ ಬೇಕು ಎಂದಾಗ ನಾನೇ ಕೈ ಎತ್ತಿದ್ದೆ. ಹೀಗಾಗಿ ಪುಸ್ತಕ ಮನೆಗೆ ಬಂದದ್ದು ಪೆನ್ಸಿಲ್ ಸಮೇತ, ತಪ್ಪು ಹುಡುಕಲಿಕ್ಕೆ.

ಕಾದಂಬರಿಯಲ್ಲಿ ಎರಡು ಕಾಲ. ಒಂದು ಅಧ್ಯಾಯ ಹಳೆಯದು: ತುಂಗಭದ್ರೆಗೆ ಆಣೆಕಟ್ಟು ಕಟ್ಟಿದಾಗ ಮುಳುಗಲಿದ್ದ ಒಂದು ಹಳ್ಳಿ, ಅಲ್ಲಿ ಚೆನ್ನವ್ವ ಎಂಬ ಹೆಣ್ಣುಮಗಳು. ಮುಂದಿನ ಅಧ್ಯಾಯ ಈಗಿನದು: ಮೈತ್ರಿ ಎಂಬ ಶಹರದ ಹೆಂಗಸು, ಚೆನ್ನವ್ವನ ಮೊಮ್ಮಗಳು, ಜಲಾಶಯದ ದಂಡೆಯ ಊರೂರು ತಿರುಗಿ ಏನನ್ನೋ ಹುಡುಕುತ್ತಾಳೆ. ಏನನ್ನು ಎಂದು ಲೇಖಕಿ ಜಾಣತನದಿಂದ ಮುಚ್ಚಿಟ್ಟಿದ್ದಾಳೆ. ಮತ್ತೆ ಹಳೆಯದು, ಮತ್ತೆ ಈಗಿನದು. ಅಳು ಬರುವ ಹೊತ್ತಿಗೆ ಸರಿಯಾಗಿ ಅಧ್ಯಾಯ ಕತ್ತರಿಸಿ ಇನ್ನೊಂದು ಕಾಲಕ್ಕೆ ಜಿಗಿಯುವುದು. ಇದು ಕಲೆಯಲ್ಲ, ಬರೀ ಕೈಚಳಕ ಎಂದು ಅಂಚಿನಲ್ಲಿ ಬರೆದುಕೊಂಡಿದ್ದೆ. ಒಂದು ಮಾತನ್ನು ಮಾತ್ರ ಬರೆದುಕೊಳ್ಳಲಿಲ್ಲ. ಕಾಲೇಜಿನಲ್ಲಿದ್ದಾಗ ಆಣೆಕಟ್ಟುಗಳ ಪರವಾಗಿ ಮಾತಾಡಿ ಬಹುಮಾನ ಗೆದ್ದವಳು ನಾನು. ಮುಳುಗಿದ ಊರುಗಳನ್ನೆಲ್ಲ 'ಪುನರ್ವಸತಿ' ಎಂಬ ಒಂದೇ ಶಬ್ದದಲ್ಲಿ, ಒಂದೇ ಉಸಿರಿನಲ್ಲಿ ದಾಟಿಸಿದ್ದೆ. ಲೇಖಕಿ ಆ ಶಬ್ದದೊಳಗಿನಿಂದ ಎತ್ತು, ಬಾಗಿಲ ಚೌಕಟ್ಟು, ತುಳಸಿ ಕಟ್ಟೆ, ಬಸುರಿ ಹೆಂಗಸು ಎಲ್ಲವನ್ನೂ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು.

ನಾನು ಒಬ್ಬಳೇ ಓದಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಅಮ್ಮ ಎಂದರೆ ನನ್ನ ಅಜ್ಜಿ. ನಮ್ಮ ಮನೆಯಲ್ಲಿ ಹೆತ್ತವಳು ಅವ್ವ, ಅಜ್ಜಿ ಅಮ್ಮ. ಡಾಕ್ಟರು ಟಿವಿ ನೋಡಬೇಡಿ ಎಂದದ್ದೇ ತಡ, ಅಮ್ಮನ ಧಾರಾವಾಹಿಗಳೆಲ್ಲ ನಿಂತವು, ಮನೆಯ ನೆಮ್ಮದಿಯೂ ನಿಂತಿತು. ನಾನು ಕಾಲೇಜಿನಿಂದ ಬಂದು ಪಡಸಾಲೆಯಲ್ಲಿ ಪೆನ್ಸಿಲ್ ಹಿಡಿದು ಕೂತರೆ, ಒಬ್ಬಳೇ ಏನು ಓದುತ್ತಿ, ಬಾಯಿಬಿಟ್ಟು ಓದು ಎಂಬ ಹುಕುಂ ಬಂತು. ಓದಿದೆ. ಮರುದಿನ ಅಮ್ಮ ಪಕ್ಕದ ಮನೆಯ ಹುಸೇನಬಿ ಅತ್ತಿಯನ್ನು ಕರೆದಳು. ಅವರದು ಬಳೆ ಅಂಗಡಿ. ಈ ಭಾಗದ ಹೆಣ್ಣುಮಕ್ಕಳ ಮುಂಗೈ ಅಳತೆಯೆಲ್ಲ ಅತ್ತಿಯ ಬೆರಳಲ್ಲಿದೆ. ಅತ್ತಿ ತಮ್ಮ ಸೊಸೆ ಶಾಹಿನ್‌ಳನ್ನೂ ಕರೆತಂದರು. ಶಾಹಿನ್ ಗಂಗಾವತಿಯ ಹುಡುಗಿ, ಬಸುರಿ. ಹಿಂದಿನ ಸಲ ಬಸಿರು ನಿಂತಿರಲಿಲ್ಲ. ಈ ಸಲ ಭಾರ ಎತ್ತಬೇಡ, ಮೆಟ್ಟಿಲು ಹತ್ತಬೇಡ, ಚಿಂತೆ ಮಾಡಬೇಡ ಎಂದು ಡಾಕ್ಟರು ಹೇಳಿದ್ದರು. ಮೊದಲೆರಡನ್ನು ಆಕೆ ಪಾಲಿಸುತ್ತಿದ್ದಳು. ಮೂರನೆಯದಕ್ಕೆ ಅತ್ತಿ ಕಂಡುಕೊಂಡ ಔಷಧ ನನ್ನ ಓದು. ಮನೆಯಲ್ಲಿ ಗೋಡೆ ನೋಡುತ್ತ ಕೂಡುವುದಕ್ಕಿಂತ ಇಲ್ಲಿ ಬಂದು ಕಥೆ ಕೇಳಿದರೆ ಮನಸ್ಸು ಹಗುರಾಗುತ್ತದೆ ಎಂದರು. ಕಾದಂಬರಿ ಓದಿದರೆ ಮನಸ್ಸು ಹಗುರಾಗುತ್ತದೆ ಎಂಬುದಕ್ಕೆ ಪುರಾವೆ ಏನು ಎಂದು ನಾನು ಅಂದೇ ಕೇಳಬೇಕಿತ್ತು.

ಈ ಮೂವರಿಗೂ ಎರಡು ಕಾಲದ ವ್ಯವಹಾರ ಸುತರಾಂ ಹಿಡಿಸಲಿಲ್ಲ. ಹಳೆಯ ಅಧ್ಯಾಯವೆಂದರೆ ಪ್ರಾಣ. ಚೆನ್ನವ್ವನ ಊರಿನ ಜನ ಮನೆ ಬಿಡುವಾಗ ಬಾಗಿಲ ಚೌಕಟ್ಟನ್ನೇ ಕಿತ್ತು ಬಂಡಿಗೆ ಹೇರಿದ್ದನ್ನು ಓದಿದಾಗ ಅಮ್ಮ ನೆಟ್ಟಗೆ ಎದ್ದು ಕೂತಳು. ಅಂಥ ಬಂಡಿಗಳು ಅಳವಂಡಿ ಹಾದಿಯಲ್ಲಿ ಹೋಗುವುದನ್ನು ತನ್ನ ಅವ್ವ ಕಣ್ಣಾರೆ ನೋಡಿದ್ದಳು, ಪುಸ್ತಕದಾಕೆ ಖರೇ ಬರೆದಿದ್ದಾಳೆ ಎಂದು ಸರ್ಟಿಫಿಕೇಟು ಕೊಟ್ಟಳು. ಆದರೆ ಮೈತ್ರಿಯ ಅಧ್ಯಾಯ ಶುರುವಾದರೆ ಮೂವರೂ ಒಟ್ಟಿಗೆ ನಿಟ್ಟುಸಿರು ಬಿಡುತ್ತಿದ್ದರು. ಆಕೆ ಕಿಟಕಿಯ ಹತ್ತಿರ ನಿಲ್ಲುತ್ತಾಳೆ, ಕಾಫಿ ಕುಡಿಯುತ್ತಾಳೆ, ದೂರ ನೋಡುತ್ತಾಳೆ; ಮತ್ತೆ ಕಾಫಿ. ಚಹಾದ ಸೀಮೆಯಲ್ಲಿ ಅಷ್ಟು ಕಾಫಿ ಕುಡಿದರೆ ಯಾರು ಸಹಿಸುತ್ತಾರೆ? ಆಕೆಗೆ ಮೈತ್ರಿ ಎಂಬ ಹೆಸರೇ ಹೋಗಿ 'ಕಾಫಿಯಾಕಿ' ಆದಳು.

"ಸುಮ್ಮಿ, ಈ ಕಾಫಿಯಾಕಿನ್ನ ದಾಟಿಸಿ ಓದು. ಅಲ್ಲಿ ಬಸರಿ ಹೆಣಮಗಳು ನೀರಿನ ಮುಂದ ಕುಂತಾಳ, ಇಲ್ಲಿ ಈಕಿ ಕಪ್ಪ ತೊಳ್ಯಾಕತ್ಯಾಳ" ಎಂದಳು ಅಮ್ಮ.

ಕೃತಿಯ ರಚನೆಗೆ ಅದರಿಂದ ಧಕ್ಕೆಯಾಗುತ್ತದೆ ಎಂದು ನಾನು ವಾದಿಸಿದೆ. ಯಾವ ಪುಸ್ತಕವನ್ನು ವಿರೋಧಿಸಲು ಕೂತಿದ್ದೆನೋ ಅದರ ಪರವಾಗಿ ವಕಾಲತ್ತು ಮಾಡುತ್ತಿದ್ದೆನೆಂಬುದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಉಪಯೋಗವಿರಲಿಲ್ಲ, ಸೋತೆ. ಅಂದಿನಿಂದ ಕಾಫಿಯಾಕಿಯ ಅಧ್ಯಾಯಗಳಲ್ಲಿ ಬಹಳಷ್ಟನ್ನು ಬಿಟ್ಟೇ ಓದಿದೆ.

ಹೀಗೆ ಓದುತ್ತ ಚೆನ್ನವ್ವನಿಗೆ ಏಳು ತಿಂಗಳಾಯಿತು. ಆ ಪುಟ ಮುಗಿಸಿ ನೀರು ಕುಡಿಯಲು ಎದ್ದೆ, ಬರುವಷ್ಟರಲ್ಲಿ ನಿರ್ಣಯವಾಗಿತ್ತು. ಚೆನ್ನವ್ವನಿಗೆ ಕುಬಸ ಮಾಡಬೇಕು. ನಮ್ಮ ಕಡೆ ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಕುಬಸವೆಂಬ ರವಿಕೆ ಕೊಟ್ಟು ಉಡಿ ತುಂಬುವ ಶಾಸ್ತ್ರ ಅದು. ಅದನ್ನು ಕಾದಂಬರಿಯ ಪಾತ್ರಕ್ಕೆ ಮಾಡುವುದೆಂದರೇನು ಎಂದು ನೀವು ಕೇಳಿದರೆ, ನೀವು ಶ್ರಾವಣದಲ್ಲಿ ನಮ್ಮ ಮಠಗಳಿಗೆ ಬಂದಿಲ್ಲ ಎಂದರ್ಥ. ಅಲ್ಲಿ ತಿಂಗಳುದ್ದಕ್ಕೂ ಪುರಾಣ ನಡೆಯುತ್ತದೆ; ಶರಣರ ತಾಯಿ ಬಸುರಿಯಾದ ಭಾಗ ಬಂದ ದಿನ ಹೆಂಗಸರು ಬಳೆ, ಕುಬಸ ತರುತ್ತಾರೆ, ಶರಣರು ಹುಟ್ಟಿದ ದಿನ ತೊಟ್ಟಿಲು ಕಟ್ಟಿ ಜೋಗುಳ ಹಾಡುತ್ತಾರೆ. ಕಥೆಯಲ್ಲಿ ಒಬ್ಬಳು ಬಸುರಿಯಾಗಿದ್ದಾಳೆಂದು ಗೊತ್ತಿದ್ದೂ ಬರಿಗೈಯಲ್ಲಿ ಕೇಳುತ್ತ ಕೂಡುವುದು ಅಮ್ಮನ ಲೆಕ್ಕದಲ್ಲಿ ಅಮಾನವೀಯ.

ನಾನು ಎದ್ದು ನಿಂತೆ. ನಿಂತರೇ ನನಗೆ ವಾದ ಬರುವುದು. ಒಂದು, ಇದು ಪುರಾಣವಲ್ಲ, ಕಾದಂಬರಿ. ಎರಡು, ಚೆನ್ನವ್ವ ಎಂಬವಳು ಇಲ್ಲವೇ ಇಲ್ಲ, ಕಲ್ಪನೆ. ಮೂರು, ಇದ್ದಳು ಎಂದೇ ಇಟ್ಟುಕೊಂಡರೂ ಆಕೆ ಎಂದೋ ಸತ್ತುಹೋಗಿರುತ್ತಾಳೆ. ಮೂರನೆಯದು ಬಾಯಿಂದ ಬಿದ್ದ ಕೂಡಲೇ, ಯಾವಾಗ ಸತ್ತಳು ಎಂದು ಶಾಹಿನ್ ಸಣ್ಣ ದನಿಯಲ್ಲಿ ಕೇಳಿದಳು. ಸತ್ತಿಲ್ಲ, ನಾನು ವಯಸ್ಸಿನ ಲೆಕ್ಕ ಹೇಳಿದೆ ಎಂದು ಗಡಬಡಿಸಿ ಕೂತೆ. ಕೂತದ್ದೇ ಸೋಲಾಯಿತು. ಪುಸ್ತಕಕ್ಕೆ ಬಳೆ ತೊಡಿಸಲು ಬರುವುದಿಲ್ಲವಲ್ಲ, ಮುಂದೇನು ಎಂಬ ಪ್ರಶ್ನೆ ಬಂದಾಗ ಹುಸೇನಬಿ ಅತ್ತಿಯೇ ದಾರಿ ತೋರಿಸಿದರು: ಶಾಹಿನ್‌ಳಿಗೂ ಏಳು ತಿಂಗಳು, ಆಕೆಯೇ ಚೆನ್ನವ್ವನ ಪರವಾಗಿ ಕೂಡಲಿ. ಮರುದಿನ ಅಂಗಡಿಯಿಂದ ಹಸಿರು ಬಳೆ ಬಂದವು. ಅವ್ವ ಗೋಧಿ ರವೆ, ಬೆಲ್ಲದ ಸಜ್ಜಕ ಮಾಡಿದಳು. ಶಾಹಿನ್‌ಳ ಮಡಿಲಲ್ಲಿ ಕಾದಂಬರಿ ಇಟ್ಟು, ಅದರ ಮೇಲೆ ಕೊಬ್ಬರಿ, ಉತ್ತತ್ತಿ, ಅಕ್ಕಿ ಹಾಕಿದರು. ನನ್ನ ಪೆನ್ಸಿಲ್ ಇನ್ನೂ ಅದರೊಳಗೇ ಇತ್ತು. ಹಾಡು ಮುಗಿದ ಮೇಲೆ ಶಾಹಿನ್ ನನ್ನ ಕಡೆ ತಿರುಗಿ, "ಅಕ್ಕಾ, ಚೆನ್ನವ್ವ ಛಲೋತ್ನ್ಯಾಗ ಹಡದ್ರ, ನಂದೂ ಛಲೋ ಆಗ್ತೈತಿ ಅಂತ ಮನಸಿನ್ಯಾಗ ಹಿಡಕೊಂಡೀನ್ರಿ" ಎಂದಳು. ಅದಕ್ಕೂ ಇದಕ್ಕೂ ಕಾರ್ಯಕಾರಣ ಸಂಬಂಧವಿಲ್ಲ ಎಂಬ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದು, ಆ ಹಸಿರು ಬಳೆಗಳನ್ನು ನೋಡಿ, ಒಳಗೆ ಹೋಯಿತು.

ಮುಂದಿನ ಅಧ್ಯಾಯವನ್ನು ಮರುದಿನ ಬೆಳಿಗ್ಗೆ ಯಲಬುರ್ಗಾ ಬಸ್ಸಿನಲ್ಲಿ ಮುಂಚಿತವಾಗಿ ಓದಿದೆ. ತಳಕಲ್ ಬರುವ ಹೊತ್ತಿಗೆ ಚೆನ್ನವ್ವನಿಗೆ ನೋವು ಶುರುವಾಗಿತ್ತು. ಗಂಡ ಹೊಸ ಜಾಗ ನೋಡಲು ಹೋಗಿದ್ದಾನೆ, ಊರು ಅರ್ಧ ಖಾಲಿ, ನೀರು ಊರ ಅಗಸೆ ಬಾಗಿಲಿಗೆ ಬಂದಿದೆ. ಕುಕನೂರು ಬರುವ ಹೊತ್ತಿಗೆ ಚೆನ್ನವ್ವ ಇರಲಿಲ್ಲ. ಸೂಲಗಿತ್ತಿ ಹಸುಗೂಸನ್ನು ಮೊರದಲ್ಲಿಟ್ಟುಕೊಂಡು ಹರಗೋಲಿನಲ್ಲಿ ಆಚೆ ದಂಡೆಗೆ ಹೋಗುತ್ತಾಳೆ. ಚೆನ್ನವ್ವನನ್ನು ದಿಬ್ಬದ ಹುಣಸೆಮರದ ಬುಡದಲ್ಲಿ ಮಣ್ಣು ಮಾಡುತ್ತಾರೆ. ವಾರ ಕಳೆಯುವುದರೊಳಗೆ ಮರವೂ ನೀರಲ್ಲಿ. ಯಾರಾದರೂ ತೀರಿಕೊಂಡಿದ್ದಾರೇನು ಎಂದು ಕಂಡಕ್ಟರು ಮೆಲ್ಲಗೆ ಕೇಳಿದರು. ಧೂಳು ಎಂದೆ. ಕಿಟಕಿ ಮುಚ್ಚಿತ್ತು. ಬಸ್ಸಿನಲ್ಲಿ ನಡೆದದ್ದನ್ನು ಓಣಿಯ ಸುದ್ದಿಗೆ ಪುರಾವೆಯಾಗಿ ಬಳಸಕೂಡದು, ಅದು ಬೇರೆ ತಾಲ್ಲೂಕು.

ಅಂದು ಕಾಲೇಜಿನಲ್ಲಿ ಏನು ಪಾಠ ಮಾಡಿದೆನೋ ದೇವರೇ ಬಲ್ಲ. ದೇವರು ಬಲ್ಲ ಎಂದು ನಾನು ಹೇಳುವಂತಾದದ್ದೇ ನನ್ನ ಸ್ಥಿತಿಗೆ ಸಾಕ್ಷಿ. ಓದನ್ನು ನಿಲ್ಲಿಸಿಬಿಡೋಣ ಎಂದರೆ, ಯಾಕೆ ನಿಲ್ಲಿಸಿದಳು, ಏನೋ ಕೆಟ್ಟದ್ದಿದೆ ಎಂದು ಶಾಹಿನ್ ಇನ್ನಷ್ಟು ಹೆದರುತ್ತಾಳೆ. ಇದ್ದದ್ದನ್ನು ಓದೋಣ ಎಂದರೆ, ಹಿಂದಿನ ಸಲದ್ದನ್ನು ನೆನೆದು ಈಗಲೂ ನಡುಮಧ್ಯಾಹ್ನ ಬೆಚ್ಚಿ ಏಳುವ ಹುಡುಗಿಗೆ ಅದನ್ನು ಯಾವ ಬಾಯಿಂದ ಓದಲಿ? ಕಾದಂಬರಿಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಆ ಸಿದ್ಧಾಂತವನ್ನು ಏಳು ತಿಂಗಳ ಬಸುರಿಯ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಸಂಜೆ ಪುಸ್ತಕ ಬಿಚ್ಚಿ, ಪುಟದ ಮೇಲೆ ಕಣ್ಣಿಟ್ಟು, ಬದುಕಿನಲ್ಲಿ ಮೊದಲ ಸಲ ಕಥೆ ಕಟ್ಟಿದೆ.

ವಾದ ಮಾಡುವವರು ಕಥೆ ಕಟ್ಟಬಾರದು. ನನ್ನ ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಹಾಗೆ ಬಂತು. ಹರಗೋಲಿನಲ್ಲೇ ಸುಖ ಪ್ರಸವ, ತಾಯಿ ಮಗು ಕ್ಷೇಮ, ಮಗುವಿನ ತೂಕ ಚೆನ್ನಾಗಿತ್ತು ಎಂದೆ. ಆ ಕಾಲದಲ್ಲಿ ಹರಗೋಲಿನೊಳಗೆ ತಕ್ಕಡಿ ಎಲ್ಲಿಂದ ಬಂತು ಎಂದು ಹುಸೇನಬಿ ಅತ್ತಿ ಕೇಳಿದರು. ಸೂಲಗಿತ್ತಿ ಕೈಯಲ್ಲೇ ಅಂದಾಜು ಮಾಡಿದಳು ಎಂದೆ. ಅಷ್ಟು ನೀರು ಏರಿತ್ತಲ್ಲ, ಎಲ್ಲಿ ಹೋಯಿತು ಎಂದು ಅಮ್ಮ ಕೇಳಿದಳು. ಇಳಿಯಿತು ಎಂದೆ. ಆಣೆಕಟ್ಟಿನ ನೀರು ಒಬ್ಬ ಹೆಣ್ಣುಮಗಳಿಗಾಗಿ ಇಳಿಯಿತೇ ಎಂದು ಅವಳು ಮುಂದಕ್ಕೆ ಕೇಳಲಿಲ್ಲ. ಶಾಹಿನ್ ಮಾತ್ರ ಏನೂ ಕೇಳದೆ ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. ಅಂದು ಆಕೆ ಎರಡು ಸಲ ಹಾಕಿಸಿಕೊಂಡು ಉಂಡಳಂತೆ. ಅತ್ತಿ ಓಣಿಗೆಲ್ಲ ಸಕ್ಕರೆ ಹಂಚಿದರು. ಯಾರಿಗೆ ಕೂಸಾಯಿತು ಎಂದು ಕೇಳಿದವರಿಗೆ ಚೆನ್ನವ್ವನಿಗೆ ಎಂದರು. ಯಾವ ಚೆನ್ನವ್ವ ಎಂದು ಹಿಟ್ಟಿನ ಗಿರಣಿಯವನು ಈಗಲೂ ನನ್ನನ್ನು ಕೇಳುತ್ತಾನೆ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಒಂದೇ ಕಾಲದ ಕಾದಂಬರಿಯಾಗಿದ್ದರೆ ಮುಗಿಯುತ್ತಲೂ ಇತ್ತು. ಎರಡು ಕಾಲದ ಕಾದಂಬರಿಯಲ್ಲಿ ಒಂದು ಸುಳ್ಳು ಹೇಳಿದರೆ ಅದನ್ನು ಇನ್ನೊಂದು ಕಾಲದಲ್ಲೂ ಹೇಳಬೇಕಾಗುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಲೇಖಕಿ ಇಷ್ಟು ದಿನ ಮುಚ್ಚಿಟ್ಟದ್ದನ್ನು ಆ ಮುಂದಿನ ಅಧ್ಯಾಯದಲ್ಲೇ ಬಿಚ್ಚಿದ್ದಳು: ಮೈತ್ರಿ ಹುಡುಕುತ್ತಿರುವುದು ಚೆನ್ನವ್ವನನ್ನು ಹೂತ ಜಾಗವನ್ನು. ನಮ್ಮ ಪಡಸಾಲೆಯಲ್ಲಿ ಚೆನ್ನವ್ವ ಬಾಣಂತಿ ಸಜ್ಜಕ ತಿನ್ನುತ್ತ ಕೂತಿದ್ದಾಳೆ. ಅಲ್ಲಿ ಮೊಮ್ಮಗಳು ಆಕೆಯ ಸಮಾಧಿ ಹುಡುಕುತ್ತಿದ್ದಾಳೆ. ಅದಕ್ಕೂ ಮಿಗಿಲಾಗಿ, ಇಷ್ಟು ದಿನ ಕಾಫಿಯಾಕಿಯನ್ನು ದಾಟಿಸು ಎನ್ನುತ್ತಿದ್ದವರಿಗೆ ಈಗ ಆಕೆಯೇ ಬೇಕು. ಹಡೆದ ಮೇಲೆ ಚೆನ್ನವ್ವ ಏನಾದಳೆಂದು ಆಕೆಗೇ ತಾನೆ ಗೊತ್ತು?

"ಈಕಿ ಏನ್ ಹುಡುಕ್ತಾಳ ಅಷ್ಟು?" ಎಂದರು ಹುಸೇನಬಿ ಅತ್ತಿ.

ಪಡಸಾಲೆಯ ಮೂಲೆಯಲ್ಲಿ ನಮ್ಮ ಹಳೆಯ ಬೀಸುವ ಕಲ್ಲು ಕಣ್ಣಿಗೆ ಬಿತ್ತು. ಬೀಸೋಕಲ್ಲು ಎಂದೆ. ಊರು ಮುಳುಗುವಾಗ ಚೆನ್ನವ್ವ ಬಿಟ್ಟುಬಂದ ಬೀಸೋಕಲ್ಲು. ಎಲ್ಲರೂ ಒಪ್ಪಿದರು. ಬೀಸೋಕಲ್ಲು ಬಿಟ್ಟುಬಂದರೆ ಯಾರಿಗಾದರೂ ಸಂಕಟವಾಗುತ್ತದೆ ಎಂದಳು ಅಮ್ಮ. ನಾನು ನಿಟ್ಟುಸಿರಿಟ್ಟೆ. ಆದರೆ ಆಮೇಲಿನ ಪ್ರತಿ ಪುಟದಲ್ಲೂ ನಾನು ಸಮಾಧಿ ಇದ್ದಲ್ಲೆಲ್ಲ ಬೀಸೋಕಲ್ಲು ಇಡುತ್ತ ಹೋಗಬೇಕಾಯಿತು. ಮೈತ್ರಿ ಮೀನುಗಾರರನ್ನು ಬೀಸೋಕಲ್ಲಿನ ಬಗ್ಗೆ ಕೇಳಿದಳು. ಬೀಸೋಕಲ್ಲು ಕನಸಿನಲ್ಲಿ ಬಂದು ಆಕೆಯನ್ನು ಹೆಸರು ಹಿಡಿದು ಕರೆಯಿತು. ಅತ್ತಿ ಒಮ್ಮೆ, ಇಷ್ಟು ಕಾಫಿ ಕುಡಿದರೆ ಹೀಗೇ ಆಗುವುದು ಎಂದರು.

ಕೊನೆಯ ಅಧ್ಯಾಯ ಬಂತು. ಬೇಸಿಗೆ, ಜಲಾಶಯ ಇಳಿದಿದೆ, ಕೆಸರಿನಲ್ಲಿ ಹುಣಸೆಮರದ ಬೊಡ್ಡೆ ಎದ್ದಿದೆ. ಮೈತ್ರಿ ತನ್ನ ತಾಯಿಯನ್ನು ಕೈಹಿಡಿದು ಕರೆತರುತ್ತಾಳೆ. ಮೊರದಲ್ಲಿ ಹೋದ ಆ ಹಸುಗೂಸು, ಈಗ ಎಪ್ಪತ್ತು ದಾಟಿದ ಮುದುಕಿ. ಆಕೆ ಆ ಮಣ್ಣಿನ ಮೇಲೆ, ಹಸುಗೂಸಿನ ಹಾಗೆಯೇ ಮುದುಡಿ, ಮಲಗುತ್ತಾಳೆ. ಅಷ್ಟೇ ಬರೆದಿತ್ತು. ನಾನು ಅದನ್ನು ಬೀಸೋಕಲ್ಲಿಗೆ ಬದಲಿಸಿ ಹೇಳಬೇಕಿತ್ತು. ಎಪ್ಪತ್ತರ ಮುದುಕಿ ಬೀಸೋಕಲ್ಲಿನ ಪಕ್ಕದಲ್ಲಿ ಮಲಗಿದಳು ಎಂದೆ. ಮುಂದೆ ದನಿ ಬರಲಿಲ್ಲ. ಎಂದೂ ತಾಯಿಯ ಮುಖ ನೋಡದ ಆ ಮುದುಕಿಗೆ ಕೊನೆಗೂ ಸಿಕ್ಕ ಮೂರು ಮೊಳ ಮಣ್ಣನ್ನು ಕಸಿದುಕೊಂಡು, ಕೈಗೆ ಒಂದು ಕಲ್ಲು ಕೊಟ್ಟವಳು ನಾನೇ ಅಲ್ಲವೇ? ಪುಸ್ತಕ ಮುಚ್ಚಿದೆ. ಓಣಿಯವರು ಹೇಳುವ ಅಳು ಇದೇ. ಹುಸೇನಬಿ ಅತ್ತಿ ಹತ್ತಿರ ಬಂದು ತಲೆ ಸವರಿ, "ಅಳಬ್ಯಾಡವ್ವ, ಕಲ್ಲಲ್ಲೇನು ಅದು. ನಮ್ಮ ಮನ್ಯಾಗೊಂದು ಬೀಸೋಕಲ್ಲು ಸುಮ್ನ ಬಿದ್ದೈತಿ, ಒಯ್ಯ ಬೇಕಾದ್ರ" ಎಂದರು. ಜಗತ್ತಿನಲ್ಲಿ ಬೀಸೋಕಲ್ಲಿಗಾಗಿ ಅತ್ತು, ಅದಕ್ಕೆ ಸಮಾಧಾನವಾಗಿ ಇನ್ನೊಂದು ಬೀಸೋಕಲ್ಲು ಪಡೆದವಳು ನಾನೊಬ್ಬಳೇ ಇರಬೇಕು. ಶಾಹಿನ್ ನನ್ನನ್ನೂ ಮುಚ್ಚಿದ ಪುಸ್ತಕವನ್ನೂ ನೋಡುತ್ತಿದ್ದಳು. ಬಳಗದ ಚರ್ಚೆಗೆ ಜ್ವರವೆಂದು ಹೋಗಲಿಲ್ಲ.

ಕಳೆದ ವಾರ ಶಾಹಿನ್ ಹೆರಿಗೆಗೆಂದು ತವರಿಗೆ ಹೋದಳು. ನಾನು ಕಾಲೇಜಿನಲ್ಲಿದ್ದೆ. ಮನೆಗೆ ಬಂದು ನೋಡಿದರೆ ಪುಸ್ತಕವಿಲ್ಲ. ಶಾಹಿನ್ ಕೇಳಿದಳು, ಕೊಟ್ಟೆ ಎಂದಳು ಅಮ್ಮ. ಆಕೆಗೆ ಕನ್ನಡ ಓದಲು ಬರುವುದಿಲ್ಲವಲ್ಲ ಎಂದೆ. ಬರುವುದಿಲ್ಲವೆಂದು ನಿನಗೆ ಯಾರು ಹೇಳಿದರು ಎಂದು ಅಮ್ಮ ಕೇಳಿದಳು. ಯಾರೂ ಹೇಳಿರಲಿಲ್ಲ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾಳೆ, ಕೂತು ಕೇಳುತ್ತಾಳೆ, ಆದ್ದರಿಂದ ಓದು ಬಾರದು ಎಂದು ನಾನೇ ತೀರ್ಮಾನಿಸಿದ್ದೆ. ಗಂಗಾವತಿಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ ಹುಡುಗಿಯ ಬಗ್ಗೆ. ಇಂಥ ಆಧಾರವಿಲ್ಲದ ವಾದವನ್ನು ನನ್ನ ವಿದ್ಯಾರ್ಥಿ ಮಾಡಿದ್ದರೆ ವೇದಿಕೆಯಿಂದ ಇಳಿಸುತ್ತಿದ್ದೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಅಮ್ಮನ ಮೇಲೆ ರೇಗಿದೆ.

"ಬಸರಿ ಬಾಯಿಬಿಟ್ಟು ಬೇಡ್ಯಾಳ. ಬಯಕಿ ಅಂದ್ರ ಮಾವಿನಕಾಯಿ ಒಂದ ಏನು? ಇಲ್ಲಾ ಅಂದು ಆ ಪಾಪ ನಾ ಕಟಗೊಳ್ಳಲಾ?" ಎಂದಳು ಅಮ್ಮ.

ಅದಾದ ಮೇಲೆ ನಾನು ದಿನಾ ಶಾಹಿನ್‌ಳಿಗೆ ಫೋನು ಮಾಡುವ ಧೈರ್ಯ ಕಟ್ಟುತ್ತಿದ್ದೆ, ದಿನಾ ಅದು ಉದುರುತ್ತಿತ್ತು. ನಿನ್ನೆ ಯಲಬುರ್ಗಾ ಬಸ್ ನಿಲ್ದಾಣದಲ್ಲಿ ನಿಂತು ಮಾಡಿಯೇಬಿಟ್ಟೆ. ಆರಾಮಿದ್ದೇನೆ ಎಂದಳು. ಡಾಕ್ಟರು ಎಲ್ಲ ಸರಿಯಿದೆ ಅಂದಿದ್ದಾರಂತೆ, ಇನ್ನು ಹದಿನೈದಿಪ್ಪತ್ತು ದಿನವಂತೆ, ಆಕೆಯ ಅಮ್ಮೀ ದಿನಾ ಖೀಮಾ ತಿನ್ನು ತಿನ್ನು ಎನ್ನುತ್ತಾಳಂತೆ. ಎಲ್ಲ ಹೇಳಿದಳು, ಪುಸ್ತಕದ ಮಾತು ಎತ್ತಲಿಲ್ಲ. ಕೊನೆಗೆ ನಾನೇ, ಓದುತ್ತಿದ್ದೀಯಂತೆ ಎಂದೆ.

"ಹೌದ್ರಿ ಅಕ್ಕಾ. ಚೆನ್ನವ್ವಂದು ನೀವು ಓದೇ ಬಿಟ್ಟೀರಲ್ಲ, ಅದನ್ನ ಮತ್ತ ತಗದಿಲ್ಲ. ಕಾಫಿಯಾಕಿದು ಬಿಡಿಸಿದ್ವಲ್ರಿ, ಅದನ್ನಷ್ಟ ಓದಾಕತ್ತೀನಿ, ಸಾವಕಾಶ." ಪುಟ ತಿರುವಿದ ಸದ್ದು ಕೇಳಿತು. "ಆಕಿ ಭಾಳ ಛಲೋ ಹೆಣಮಗಳು ಅದಾಳ್ರಿ ಅಕ್ಕಾ. ನಾವು ಸುಮ್ಸುಮ್ನ ಬೈದ್ವಿ."

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಎಂದೂ ಹಾಕಬೇಡಿ. ಇದು ನಾನು ಮಕ್ಕಳಿಗೆ ಕಲಿಸುವ ಮೊದಲ ಪಾಠ. ನನ್ನ ಬಸ್ಸು ಬಂದಿತ್ತು, ಜನ ಹತ್ತುತ್ತಿದ್ದರು. ಆಕೆ ಎದುರಾಳಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸು ಹೋಯಿತು.

"ಆಕಿ ಈಗ ಏನ್ ಹುಡುಕಾಕತ್ಯಾಳ, ಶಾಹಿನ್?" ಎಂದೆ.